ಪೆನ್ ತೋರಿಸುವ 900ರಲ್ಲಿ ಗಿಡದ ಪಾಲೆಷ್ಟು?

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಟೆರೇಸಿನಲ್ಲಿ ಪೈಪ್ ಮಾದರಿಯ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲೇ ಗಿಡ ಬೆಳೆಸುವುದು) ಮಾಡಿಕೊಂಡಿದ್ದೇನೆ. 40 ಲೀಟರ್ ಟ್ಯಾಂಕ್. ಲೆಟ್ಯೂಸ್ ಮತ್ತು ಪಾಲಕ್ ಬೆಳೆಯುತ್ತಿದ್ದೇನೆ. ಎ ಮತ್ತು ಬಿ ಎಂಬ ಎರಡು ಬಾಟಲಿಯ ಗೊಬ್ಬರದ ದ್ರಾವಣ ಹಾಕಿ, ನೀರಿನಲ್ಲಿ ಕರಗಿದ ಉಪ್ಪು ತೋರಿಸುವ ಟಿಡಿಎಸ್ ಪೆನ್ನಿನಲ್ಲಿ 900 ಬರುವ ಹಾಗೆ ಇಟ್ಟುಕೊಳ್ಳಿ ಎಂದು ಅಂಗಡಿಯವರು ಹೇಳಿದ್ದರು. ಹಾಗೇ ಮಾಡಿದ್ದೇನೆ. ಏಪ್ರಿಲ್ ಬಂದ ಮೇಲೆ ನಾಲ್ಕು ದಿನಕ್ಕೆ ನೀರು 32 ಲೀಟರಿಗೆ ಇಳಿಯುತ್ತದೆ, ಪೆನ್ 1050 ತೋರಿಸುತ್ತದೆ. ನಲ್ಲಿ ನೀರು ತುಂಬಿಸಿದರೆ ಮತ್ತೆ 900ರ ಆಸುಪಾಸಿಗೆ ಬರುತ್ತದೆ. ಹಾಗಾಗಿ ದ್ರಾವಣ ಹಾಕುತ್ತಿಲ್ಲ. ಆದರೂ ಲೆಟ್ಯೂಸ್ ಎಲೆಯ ತುದಿ ಸುಡುತ್ತಿದೆ, ಹಳೇ ಎಲೆ ಹಳದಿಯಾಗುತ್ತಿದೆ, ಹೊಸ ಎಲೆ ಸಣ್ಣಗೆ ಬರುತ್ತಿದೆ. ನಲ್ಲಿ ನೀರಿನದ್ದೇ 410 ಇದೆ. ಅದು ಬೋರ್‌ವೆಲ್ ನೀರು, ಗಡಸುತನ ತೆಗೆಯುವ ಸಾಫ್ಟನರ್ ಮೂಲಕ ಬರುತ್ತದೆ. ಒಂದು ಚಾರ್ಟಿನಲ್ಲಿ ಲೆಟ್ಯೂಸಿಗೆ 400ರಿಂದ 600 ಅಂತಿದೆ, ಇನ್ನೊಂದರಲ್ಲಿ 560ರಿಂದ 840. ದ್ರಾವಣ ಜಾಸ್ತಿ ಮಾಡಬೇಕಾ, ಕಡಿಮೆ ಮಾಡಬೇಕಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಟ್ಯಾಂಕಿನ ನೀರನ್ನು ಪೂರ್ತಿ ಬದಲಾಯಿಸಿ. ಹೊಸ ನೀರು ಸಾಫ್ಟನರಿನಿಂದ ಬಂದದ್ದು ಆಗಿರಬಾರದು. ನಿಮ್ಮ ಗಿಡಗಳಿಗೆ ಒಟ್ಟೊಟ್ಟಿಗೆ ಎರಡು ತೊಂದರೆ ಆಗಿದೆ. ಬೇರಿನ ಸುತ್ತ ಉಪ್ಪು ಜಾಸ್ತಿ, ತಿನ್ನಲು ಗೊಬ್ಬರ ಕಡಿಮೆ. ಎರಡೂ ಹೇಗೆ ಒಟ್ಟಿಗೆ ಸಾಧ್ಯ ಅನ್ನಿಸಬಹುದು. ನೀವು ಬರೆದ ಅಂಕಿಗಳಲ್ಲೇ ಅದಕ್ಕೆ ಉತ್ತರ ಇದೆ. ನೀರಿನ ಮಟ್ಟವನ್ನೂ ನಲ್ಲಿ ನೀರಿನ ಅಂಕಿಯನ್ನೂ ಬರೆದಿದ್ದು ಬಹಳ ಒಳ್ಳೆಯದಾಯಿತು. ಇವೆರಡು ಇಲ್ಲದೆ ಬರೀ 900 ಅಂತ ಹೇಳಿದ್ದರೆ ಯಾರಿಗೂ ಏನೂ ಹೇಳಲು ಆಗುತ್ತಿರಲಿಲ್ಲ.

ಮೊದಲು ಪೆನ್ ಏನು ಅಳೆಯುತ್ತದೆ ನೋಡೋಣ. ಅದರ ತುದಿಯಲ್ಲಿ ಎರಡು ಲೋಹದ ಕಡ್ಡಿಗಳಿವೆ. ಅವುಗಳ ನಡುವೆ ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಇದಕ್ಕೆ ಇಸಿ ಎನ್ನುತ್ತಾರೆ, ಅಳತೆ ಮಿಲಿಸೀಮೆನ್ಸ್ ಲೆಕ್ಕದಲ್ಲಿ. ಕರಗಿದ ಉಪ್ಪು ಹೆಚ್ಚಿದಷ್ಟೂ ಇಸಿ ಹೆಚ್ಚು. ಇಲ್ಲಿ ಉಪ್ಪು ಅಂದರೆ ಅಡುಗೆ ಉಪ್ಪು ಮಾತ್ರ ಅಲ್ಲ. ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ಸಲ್ಫೇಟ್, ಬೋರ್‌ವೆಲ್ ನೀರಿನ ಸುಣ್ಣದಂಶ, ಸೋಡಿಯಂ, ಎಲ್ಲವೂ ಸೇರಿ ಒಂದೇ ಅಂಕಿ. ಯಾವುದು ಎಷ್ಟು ಅಂತ ಪೆನ್ನಿಗೆ ಬೇರ್ಪಡಿಸಲು ಬರುವುದಿಲ್ಲ. ನಿಮ್ಮ ಪ್ರಶ್ನೆಯ ಗಂಟು ಇರುವುದೇ ಇಲ್ಲಿ.

ನಿಮ್ಮ 900 ಇರುವುದು ಪಿಪಿಎಂ ಲೆಕ್ಕದಲ್ಲಿ, ಅಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಉಪ್ಪು ಅಂತ. ಅದನ್ನು ಪೆನ್ ನೇರವಾಗಿ ಅಳೆಯುವುದೇ ಇಲ್ಲ. ಇಸಿ ಅಳೆದು ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ. ಕೆಲವು ಕಂಪನಿಗಳು 500ರಿಂದ ಗುಣಿಸುತ್ತವೆ, ಕೆಲವು 700ರಿಂದ. ನಿಮ್ಮ ಎರಡು ಚಾರ್ಟುಗಳನ್ನೇ ನೋಡಿ. 400ರಿಂದ 600 ಎಂಬುದನ್ನು 500ರಿಂದ ಭಾಗಿಸಿದರೆ 0.8ರಿಂದ 1.2. 560ರಿಂದ 840 ಎಂಬುದನ್ನು 700ರಿಂದ ಭಾಗಿಸಿದರೂ ಅದೇ 0.8ರಿಂದ 1.2. ಎರಡು ಚಾರ್ಟೂ ಹೇಳುತ್ತಿರುವುದು ಒಂದೇ ಮಾತು. ಇದು ಗೊತ್ತಿಲ್ಲದೆ ಒಬ್ಬರ ಪಿಪಿಎಂ ಅನ್ನು ಇನ್ನೊಬ್ಬರು ಪಾಲಿಸಿ ಗಿಡ ಸುಟ್ಟುಕೊಳ್ಳುವುದು ತುಂಬಾ ನಡೆಯುತ್ತಿದೆ. ಪಿಪಿಎಂ ಬಿಟ್ಟು ಇಸಿಯಲ್ಲೇ ಯೋಚಿಸಿ ಅಂತ ನಾನು ಎಲ್ಲರಿಗೂ ಒತ್ತಾಯ ಮಾಡುವುದು ಅದಕ್ಕೇ. ಹೊಸ ಪೆನ್ ಕೊಳ್ಳುವಾಗ ಇಸಿ ತೋರಿಸುವುದನ್ನೇ ಕೇಳಿ ತೆಗೆದುಕೊಳ್ಳಿ.

ನಿಮ್ಮದು ಯಾವ ಲೆಕ್ಕದ ಪೆನ್ ಅಂತ ಮನೆಯಲ್ಲೇ ಕಂಡುಹಿಡಿಯಬಹುದು. 10 ಲೀಟರ್ ಆರ್‌ಒ ನೀರು ತೆಗೆದುಕೊಂಡು ಅದರ ಅಂಕಿ ಬರೆದುಕೊಳ್ಳಿ. ಅದಕ್ಕೆ 10 ಗ್ರಾಂ ಅಡುಗೆ ಉಪ್ಪು ಹಾಕಿ, ಪೂರ್ತಿ ಕರಗಿಸಿ ಮತ್ತೆ ಅಳೆಯಿರಿ. ಒಂದೇ ಲೀಟರಿಗೆ ಮಾಡಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ 1 ಗ್ರಾಂ ಸರಿಯಾಗಿ ತೂಗಲು ಆಗುವುದಿಲ್ಲ. ಅಂಕಿ ಸುಮಾರು 1000 ಏರಿದರೆ 500ರ ಲೆಕ್ಕ, 1400ರ ಹತ್ತಿರ ಏರಿದರೆ 700ರ ಲೆಕ್ಕ. ನಿಖರ ಪರೀಕ್ಷೆ ಬೇಕಾದರೆ 1413 ಎಂದು ಬರೆದಿರುವ ಕ್ಯಾಲಿಬ್ರೇಷನ್ ದ್ರಾವಣ ಸಿಗುತ್ತದೆ. ಅದರಲ್ಲಿ 25 ಡಿಗ್ರಿ ಶಾಖದಲ್ಲಿ ಇಸಿ 1.41 ಬರಬೇಕು. 500ರ ಪೆನ್ ಅದನ್ನು 707 ಎಂದೂ, 700ರ ಪೆನ್ 990ರ ಹತ್ತಿರವೂ ತೋರಿಸುತ್ತದೆ. ಆರ್‌ಒ ಫಿಲ್ಟರಿಗೆಂದು ಮಾರುವ ಅಗ್ಗದ ಪೆನ್ನುಗಳು ಹೆಚ್ಚಾಗಿ 500ರವು. ನಿಮ್ಮದೂ ಅದೇ ಅಂದುಕೊಂಡು ಮುಂದಿನ ಲೆಕ್ಕ ಹಾಕಿದ್ದೇನೆ.

ಹಾಗಿದ್ದರೆ ನಿಮ್ಮ 900 ಅಂದರೆ ಇಸಿ 1.8. ಏಪ್ರಿಲ್ ಬಿಸಿಲಿನ ಲೆಟ್ಯೂಸಿಗೆ ಇದು ಜಾಸ್ತಿಯೇ. ಅದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ಆ 900ರಲ್ಲಿ 410 ನಲ್ಲಿ ನೀರಿನದ್ದು. ನೀವು ಹಾಕಿದ ಗೊಬ್ಬರ ಮೊದಲ ದಿನವೇ ಬರೀ 490.

ಈಗ ನಾಲ್ಕು ದಿನದ ಲೆಕ್ಕ. 40 ಲೀಟರಿಗೆ 900 ಅಂದರೆ ಟ್ಯಾಂಕಿನಲ್ಲಿ ಒಟ್ಟು 36,000 ಮಿಲಿಗ್ರಾಂ ಉಪ್ಪು. ನಾಲ್ಕು ದಿನದ ನಂತರ 32 ಲೀಟರಿಗೆ 1050, ಅಂದರೆ 33,600. ಹೋದ ನೀರು 8 ಲೀಟರ್, ಹೋದ ಉಪ್ಪು 2,400 ಮಿಲಿಗ್ರಾಂ. ಲೀಟರಿಗೆ 300 ಆಯಿತು. ಗಿಡ ಈ ಬಿಸಿಲಿನಲ್ಲಿ 300ರ ರುಚಿಯ ನೀರು ಕುಡಿಯುತ್ತಿದೆ, ನೀವು ಬಡಿಸಿರುವುದು 900. ಉಳಿದದ್ದು ಟ್ಯಾಂಕಿನಲ್ಲೇ ನಿಂತು, ಒಲೆ ಮೇಲೆ ಸಾರು ಇಂಗಿದ ಹಾಗೆ ಗಟ್ಟಿಯಾಗುತ್ತಿದೆ. ಬಿಸಿಲು ಹೆಚ್ಚಿದಾಗ ಗಿಡ ತನ್ನನ್ನು ತಂಪು ಮಾಡಿಕೊಳ್ಳಲು ನೀರನ್ನು ಜಾಸ್ತಿ ಎಳೆಯುತ್ತದೆ, ಗೊಬ್ಬರ ಅಷ್ಟೇ ಪ್ರಮಾಣದಲ್ಲಿ ಬೇಕಾಗುವುದಿಲ್ಲ.

ಆಮೇಲೆ ನೀವು 8 ಲೀಟರ್ ನಲ್ಲಿ ನೀರು ತುಂಬಿಸಿದಿರಿ. ಅದರ ಜೊತೆ ಬಂದ ಉಪ್ಪು 8 ಗುಣಿಸು 410, ಅಂದರೆ 3,280 ಮಿಲಿಗ್ರಾಂ. ಗಿಡ ತೆಗೆದುಕೊಂಡದ್ದು 2,400, ನೀರು ತಂದು ಹಾಕಿದ್ದು 3,280. ಒಂದು ಹನಿ ಗೊಬ್ಬರ ಹಾಕದೆಯೂ ಪೆನ್ 922 ತೋರಿಸುತ್ತದೆ! ‘900 ಇದೆಯಲ್ಲ, ಸಾಕು’ ಅಂತ ನೀವು ಸುಮ್ಮನಾಗುತ್ತೀರಿ. ಗಿಡ ತೆಗೆದುಕೊಂಡದ್ದರಲ್ಲಿ ಬಹುಪಾಲು ಗೊಬ್ಬರ, ನೀರು ತಂದದ್ದರಲ್ಲಿ ಬಹುಪಾಲು ಸಾಫ್ಟನರಿನಿಂದ ಬಂದ ಸೋಡಿಯಂ ಉಪ್ಪು. ಇದೇ ಥರ ನಾಲ್ಕು ಸುತ್ತು ನಡೆದರೆ ಪೆನ್ 990ರ ಹತ್ತಿರ ಇರುತ್ತದೆ, ಗೊಬ್ಬರದ ಪಾಲು ಮಾತ್ರ 490ರಿಂದ 250ರ ಆಸುಪಾಸಿಗೆ ಇಳಿದಿರುತ್ತದೆ. ಇದು ಸ್ಥೂಲ ಲೆಕ್ಕ, ಗಿಡ ಸ್ವಲ್ಪ ಸೋಡಿಯಂ ಕೂಡ ಒಳಗೆ ತೆಗೆದುಕೊಳ್ಳುತ್ತದೆ. ಆದರೆ ದಿಕ್ಕಂತೂ ಇದೇ. ನಿಮ್ಮ ಗಿಡದ ಲಕ್ಷಣಗಳೂ ಇದಕ್ಕೆ ಸರಿಯಾಗಿ ಹೊಂದುತ್ತವೆ. ಹಳೇ ಎಲೆ ಹಳದಿಯಾಗುವುದು ಸಾರಜನಕದ ಹಸಿವು, ಗಿಡ ಹಳೆಯದರಿಂದ ಕಿತ್ತು ಹೊಸ ಎಲೆಗೆ ಕೊಡುತ್ತಿದೆ. ತುದಿ ಸುಡುವುದಕ್ಕೆ ಕಾರಣ ಉಪ್ಪಿನ ಒತ್ತಡ ಮತ್ತು ಕ್ಯಾಲ್ಸಿಯಂ ಎಳೆ ಎಲೆಗಳ ಅಂಚಿನವರೆಗೆ ತಲುಪದೇ ಇರುವುದು. ಬೇರಿನ ಸುತ್ತ ಸೋಡಿಯಂ ತುಂಬಿದ್ದರೆ ಕ್ಯಾಲ್ಸಿಯಂ ಒಳಗೆ ಹೋಗುವುದು ಇನ್ನೂ ಕಷ್ಟ.

ಸಾಫ್ಟನರ್ ಬಗ್ಗೆ ಒಂದಿಷ್ಟು ಜಾಸ್ತಿಯೇ ಹೇಳಬೇಕು, ಏಕೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ತೊಂದರೆ ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುವುದೇ ಸಾಫ್ಟನರ್ ಕೆಲಸ. ಕೆಳಗೆ ಪಂಪ್ ರೂಮಿನಲ್ಲಿ ಅದಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯುವುದು ಅದಕ್ಕಾಗಿಯೇ. ಬಟ್ಟೆ ಒಗೆಯಲು, ಗೀಸರಿಗೆ, ಕೂದಲಿಗೆ ಅದು ಒಳ್ಳೆಯದು. ಗಿಡಕ್ಕೆ ಮಾತ್ರ ಬೇಕಾದದ್ದನ್ನು ತೆಗೆದು ಬೇಡವಾದದ್ದನ್ನು ಕೊಟ್ಟಂತೆ. ಉಪ್ಪು ಉಪ್ಪಿನ ಜಾಗಕ್ಕೆ ಬಂದದ್ದರಿಂದ ಪೆನ್ನಿನ ಅಂಕಿ ಮೊದಲಿದ್ದಷ್ಟೇ ಇರುತ್ತದೆ, ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಸಾಫ್ಟನರಿಗೆ ಹೋಗುವ ಮುಂಚಿನ ಬೋರ್‌ವೆಲ್ ನೀರು ಗಡಸಾದರೂ ಗಿಡದ ಮಟ್ಟಿಗೆ ಇದಕ್ಕಿಂತ ಎಷ್ಟೋ ವಾಸಿ. ಎಷ್ಟೋ ಕಡೆ ಗಾರ್ಡನ್ ನಲ್ಲಿಗೆ ಸಾಫ್ಟನರ್ ಜೋಡಿಸಿರುವುದಿಲ್ಲ. ನಿಮ್ಮ ಪ್ಲಂಬರ್ ಹತ್ತಿರ ಕೇಳಿ ನೋಡಿ.

ಹೊಸ ಟ್ಯಾಂಕಿಗೆ ನನ್ನ ಸಲಹೆ: 30 ಲೀಟರ್ ಆರ್‌ಒ ನೀರು, 10 ಲೀಟರ್ ಆ ಗಾರ್ಡನ್ ನಲ್ಲಿಯ ನೀರು. ಆರ್‌ಒ 50 ಇದ್ದು ಬೋರ್‌ವೆಲ್ 400 ಇದ್ದರೆ ಮಿಶ್ರಣ 140ರ ಹತ್ತಿರ ಬರುತ್ತದೆ, ಅಂದರೆ ಇಸಿ 0.3. ಪೂರ್ತಿ ಆರ್‌ಒ ಯಾಕೆ ಬೇಡ ಅಂದರೆ, ಬೋರ್‌ವೆಲ್ಲಿನ ಸ್ವಲ್ಪ ಕ್ಯಾಲ್ಸಿಯಂ ಮೆಗ್ನೀಷಿಯಂ ಉಪಯೋಗಕ್ಕೆ ಬರುತ್ತದೆ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಕೂಡ ದಿನದಿನಕ್ಕೆ ಜಿಗಿದಾಡುವುದಿಲ್ಲ. ಕಾವೇರಿ ನೀರಿನ ಸಂಪರ್ಕ ಇದ್ದರೆ ಸಾಮಾನ್ಯವಾಗಿ ಅದನ್ನೇ ನೇರವಾಗಿ ಬಳಸಬಹುದು, ಒಮ್ಮೆ ಅಳೆದು ನೋಡಿ. ಏಪ್ರಿಲ್ ಮೇ ತಿಂಗಳ ಮಳೆಯಲ್ಲಿ ಟೆರೇಸಿನ ಮೊದಲ ಕೊಳೆ ನೀರು ಹೋಗಲು ಬಿಟ್ಟು ನಂತರದ್ದನ್ನು ಡ್ರಮ್ಮಿನಲ್ಲಿ ಹಿಡಿದುಕೊಂಡರೆ ಅದಕ್ಕಿಂತ ಒಳ್ಳೆ ನೀರು ಬೇರೆ ಇಲ್ಲ. ಆರ್‌ಒ ಮೆಷಿನ್ ಹೊರಗೆ ಬಿಡುವ ವೇಸ್ಟ್ ನೀರನ್ನು ಮಾತ್ರ ಖಂಡಿತ ಹಾಕಬೇಡಿ. ಫಿಲ್ಟರ್ ತಡೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಇನ್ನು ಗೊಬ್ಬರ ಎಷ್ಟು? ಬಾಟಲಿಯ ಮೇಲೆ ಬರೆದ ಮಿಲಿ ಲೆಕ್ಕವನ್ನು ನಂಬಿ ಸುರಿಯಬೇಡಿ, ನಿಮ್ಮ ದ್ರಾವಣದ ಶಕ್ತಿ ನೀವೇ ಅಳೆದುಕೊಳ್ಳಿ. ಬಕೆಟ್ಟಿಗೆ ಇದೇ ಮಿಶ್ರಣದ 10 ಲೀಟರ್ ಹಾಕಿ. ಎ ದ್ರಾವಣ 20 ಮಿಲಿ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಬಿ ದ್ರಾವಣ 20 ಮಿಲಿ ಹಾಕಿ ಕಲಕಿ. ಇಸಿ 0.3 ಇದ್ದದ್ದು 0.9 ಆಯಿತು ಅಂದುಕೊಳ್ಳಿ. ಲೀಟರಿಗೆ ಎರಡೆರಡು ಮಿಲಿಗೆ 0.6 ಏರಿತು, ಅಂದರೆ ಒಂದೊಂದು ಮಿಲಿಗೆ 0.3. ಈ ಒಂದು ಅಂಕಿಯನ್ನು ಟ್ಯಾಂಕಿನ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಆ ಬ್ರ್ಯಾಂಡ್ ಬಳಸುವವರೆಗೆ ಇದೇ ನಿಮ್ಮ ಕೈಪಿಡಿ. ನಿಮಗೆ ಬೇಕಾದದ್ದು 1.2, ನೀರಿನದ್ದು 0.3, ಗೊಬ್ಬರದಿಂದ ಬರಬೇಕಾದದ್ದು 0.9. ಲೀಟರಿಗೆ 3 ಮಿಲಿ, 40 ಲೀಟರಿಗೆ ಎ 120 ಮಿಲಿ, ಬಿ 120 ಮಿಲಿ. ನಿಮ್ಮ ಪೆನ್ನಿನಲ್ಲಿ ಅದು 600 ಎಂದು ಕಾಣಿಸುತ್ತದೆ. ಅಂಗಡಿಯವರ 900ಕ್ಕಿಂತ ಕಡಿಮೆ, ಆದರೆ ಅದರೊಳಗಿನ ಗೊಬ್ಬರ ಈಗಿನ ಟ್ಯಾಂಕಿನಲ್ಲಿರುವುದಕ್ಕಿಂತ ಜಾಸ್ತಿ.

ಎ ಮತ್ತು ಬಿ ಗಟ್ಟಿ ದ್ರಾವಣಗಳನ್ನು ಒಂದಕ್ಕೊಂದು ನೇರವಾಗಿ ಬೆರೆಸಬೇಡಿ, ಒಂದೇ ಅಳತೆ ಲೋಟವನ್ನು ತೊಳೆಯದೆ ಎರಡಕ್ಕೂ ಬಳಸಬೇಡಿ. ಎ ಬಾಟಲಿಯಲ್ಲಿ ಕ್ಯಾಲ್ಸಿಯಂ ಇರುತ್ತದೆ, ಬಿ ಬಾಟಲಿಯಲ್ಲಿ ಸಲ್ಫೇಟ್ ಮತ್ತು ಫಾಸ್ಫೇಟ್. ಗಟ್ಟಿಯಾಗಿದ್ದಾಗ ಸೇರಿದರೆ ಬೆಳ್ಳಗೆ ಕದಡಿ ತಳಕ್ಕೆ ಕೂರುತ್ತದೆ. ಹಾಗೆ ಕೂತದ್ದು ಮತ್ತೆ ಗಿಡಕ್ಕೆ ಸಿಗುವುದಿಲ್ಲ.

1.2 ಅಂತ ಯಾಕೆ ಹೇಳಿದೆ? ಲೆಟ್ಯೂಸಿಗೆ ಈ ಬಿಸಿಲಿನಲ್ಲಿ 1.0ರಿಂದ 1.2 ಸಾಕು. ಡಿಸೆಂಬರ್ ಜನವರಿಯ ಚಳಿಯಲ್ಲಿ ಅದೇ ಗಿಡಕ್ಕೆ 1.4, 1.6 ಕೊಟ್ಟರೂ ನಡೆಯುತ್ತದೆ, ಆಗ ಅದು ನೀರು ಕಡಿಮೆ ಕುಡಿಯುತ್ತದೆ. ಪಾಲಕ್‌ಗೆ 1.8ರಿಂದ 2.3 ಇಷ್ಟ. ಒಂದೇ ಟ್ಯಾಂಕಿನಲ್ಲಿ ಎರಡೂ ಇದ್ದಾಗ ಲೆಟ್ಯೂಸಿನ ಲೆಕ್ಕವನ್ನೇ ಹಿಡಿಯಿರಿ. ಕಡಿಮೆ ಗೊಬ್ಬರದಲ್ಲಿ ಪಾಲಕ್ ಸ್ವಲ್ಪ ನಿಧಾನ ಬೆಳೆಯುತ್ತದೆ ಅಷ್ಟೇ, ಜಾಸ್ತಿ ಗೊಬ್ಬರದಲ್ಲಿ ಲೆಟ್ಯೂಸ್ ಸುಡುತ್ತದೆ. ಮುಂದೆ ಟೊಮ್ಯಾಟೊ ಬೆಳೆಯುವ ಆಸೆ ಇದ್ದರೆ ಅದಕ್ಕೆ ಬೇರೆ ಟ್ಯಾಂಕೇ ಬೇಕು, ಅದು 2.0ರಿಂದ 3.5ರವರೆಗೆ ಕೇಳುವ ಗಿಡ. ಈಗಷ್ಟೇ ಎರಡೆಲೆ ಬಿಟ್ಟ ಸಸಿಗಳಿಗೆ 0.6, 0.8 ಮೀರಬೇಡಿ.

ಹೊಸ ಟ್ಯಾಂಕ್ ಶುರುವಾದ ಮೇಲೆ, ಮೇಲಿಂದ ನೀರು ತುಂಬಿಸುವ ಮುಂಚೆ ದಿನಾ ನೋಡಬೇಕಾದದ್ದು ಎರಡು, ನೀರಿನ ಮಟ್ಟ ಮತ್ತು ಇಸಿ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲ. ನೀರು ಇಳಿದು ಇಸಿ ಏರಿದರೆ ದ್ರಾವಣ ಗಿಡಕ್ಕೆ ಗಟ್ಟಿಯಾಯಿತು. ನೀರೂ ಇಳಿದು ಇಸಿಯೂ ಇಳಿದರೆ ಗಿಡ ಹಸಿದಿದೆ. ನೀರು ಇಳಿದರೂ ಇಸಿ ಹಾಗೇ ನಿಂತಿದ್ದರೆ ಸರಿಯಾದ ಜಾಗದಲ್ಲಿದ್ದೀರಿ. ಚಾರ್ಟು ಶುರು ಮಾಡಲು ಬೇಕು, ಆಮೇಲೆ ಗಿಡ ಹೇಳಿದ್ದನ್ನೇ ಕೇಳಬೇಕು ಅಲ್ವಾ? ನಿಮ್ಮ ಟೆರೇಸಿನ ಬಿಸಿಲು, ಗಾಳಿ ಯಾವ ಚಾರ್ಟಿಗೂ ಗೊತ್ತಿಲ್ಲ.

ನೀರಿನ ಮಟ್ಟ ನೋಡುವಾಗ ಒಂದು ಎಚ್ಚರ. ಪಂಪ್ ಓಡುತ್ತಿದ್ದರೆ ಒಂದಷ್ಟು ನೀರು ಪೈಪುಗಳಲ್ಲಿ ಇರುತ್ತದೆ. ಪಂಪ್ ನಿಲ್ಲಿಸಿ, ಪೈಪಿನ ನೀರೆಲ್ಲ ಟ್ಯಾಂಕಿಗೆ ಇಳಿದ ಮೇಲೆ ಮಟ್ಟ ನೋಡಿ. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಮಾಡಿ. 40 ಲೀಟರಿನ ಗೆರೆಯವರೆಗೆ ಆ ಒಳ್ಳೆ ಮಿಶ್ರಣದ ನೀರನ್ನೇ ತುಂಬಿ, ಪಂಪ್ ಕಾಲು ಗಂಟೆ ಓಡಿಸಿ, ಆಮೇಲೆ ಗೊಬ್ಬರದ ಲೆಕ್ಕಕ್ಕೆ ಮತ್ತೊಮ್ಮೆ ಇಸಿ ಅಳೆಯಿರಿ. ಮೊದಲು ಅಳೆದು ಗೊಬ್ಬರ ಹಾಕಿ ಆಮೇಲೆ ನೀರು ತುಂಬಿಸಿದರೆ ಲೆಕ್ಕ ಹಳಿ ತಪ್ಪುತ್ತದೆ. ತುಂಬಿಸಿದ ಮೇಲೆ 1.0 ಇದೆ ಅಂದುಕೊಳ್ಳಿ. 0.2 ಏರಿಸಬೇಕು. ನಿಮ್ಮ ಮುಚ್ಚಳದ ಅಂಕಿ ಪ್ರಕಾರ ಲೀಟರಿಗೆ 1 ಮಿಲಿ 0.3 ಏರಿಸುತ್ತದೆ, ಹಾಗಾಗಿ 40 ಲೀಟರಿಗೆ ಎ 27 ಮಿಲಿ, ಬಿ 27 ಮಿಲಿ. ಒಂದೇ ದಿನದಲ್ಲಿ ಇದಕ್ಕಿಂತ ಜಾಸ್ತಿ ಏರಿಸಬೇಡಿ, ಬೇರಿಗೆ ಹೊಂದಿಕೊಳ್ಳಲು ಸಮಯ ಕೊಡಿ.

ಟ್ಯಾಂಕ್ ತುಂಬಿರುವಾಗಲೇ ಇಸಿ ಜಾಸ್ತಿ ಇದ್ದು ಇಳಿಸಬೇಕಾದರೆ ಎಷ್ಟು ನೀರು ಬದಲಾಯಿಸಬೇಕು ಅಂತಲೂ ಸುಲಭವಾಗಿ ಲೆಕ್ಕ ಹಾಕಬಹುದು. ಎಷ್ಟು ಇಳಿಯಬೇಕೋ ಅದನ್ನು, ಈಗಿನ ಇಸಿ ಮತ್ತು ಹೊಸ ನೀರಿನ ಇಸಿಯ ವ್ಯತ್ಯಾಸದಿಂದ ಭಾಗಿಸಿ. 2.1 ಇದ್ದದ್ದು 1.3 ಆಗಬೇಕು, ಆರ್‌ಒ ನೀರು 0.1. ಇಳಿಯಬೇಕಾದದ್ದು 0.8, ವ್ಯತ್ಯಾಸ 2.0, ಭಾಗಿಸಿದರೆ 0.4. 40 ಲೀಟರಿನಲ್ಲಿ 16 ಲೀಟರ್ ತೆಗೆದು ಅಷ್ಟೇ ಆರ್‌ಒ ನೀರು ಹಾಕಿ.

ಒಳ್ಳೆ ನೀರು ಹಾಕಿದರೂ ಒಂದೇ ನೀರನ್ನು ತಿಂಗಳುಗಟ್ಟಲೆ ಓಡಿಸಬಾರದು. ಗಿಡ ನೈಟ್ರೇಟ್, ಫಾಸ್ಫೇಟ್, ಪೊಟ್ಯಾಷಿಯಂ ಬೇಗ ಬೇಗ ಎಳೆಯುತ್ತದೆ. ಸಲ್ಫೇಟ್, ಸೋಡಿಯಂ, ಕ್ಲೋರೈಡ್ ಹಿಂದೆ ಉಳಿಯುತ್ತವೆ. ಅಂಕಿ ಸರಿಯಾಗಿದ್ದರೂ ಒಳಗಿನ ಪಾಕ ಕೆಟ್ಟಿರುತ್ತದೆ. ಇದುವರೆಗೆ ಮೇಲಿಂದ ಮೇಲೆ ತುಂಬಿದ ನೀರೆಲ್ಲ ಸೇರಿ 40 ಲೀಟರ್ ಆದಾಗ ಟ್ಯಾಂಕ್ ಖಾಲಿ ಮಾಡಿ ಹೊಸದಾಗಿ ಶುರು ಮಾಡಿ. ದಿನಕ್ಕೆ 2 ಲೀಟರ್ ಲೆಕ್ಕದಲ್ಲಿ ನಿಮಗೆ ಅದು 20 ದಿನ. ಬೇಸಿಗೆ ಮುಗಿಯುವವರೆಗೆ ಎರಡು ವಾರಕ್ಕೇ ಮಾಡಿದರೆ ಇನ್ನೂ ಒಳ್ಳೆಯದು.

ಪಿಎಚ್ ಬಗ್ಗೆ ನೀವು ಕೇಳಿಲ್ಲ, ಆದರೆ ಬೋರ್‌ವೆಲ್ ನೀರಿನಲ್ಲಿರುವ ಬೈಕಾರ್ಬನೇಟ್ ಪಿಎಚ್ ಅನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಗೊಬ್ಬರ ಹಾಕಿ ಇಸಿ ಸರಿಮಾಡಿದ ಮೇಲೆಯೇ ಪಿಎಚ್ ನೋಡಿ, 5.5 ಮತ್ತು 6.5ರ ನಡುವೆ ಇರಲಿ. 7 ದಾಟಿದರೆ ಟ್ಯಾಂಕಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದು ಕಷ್ಟ, ಆಗ ಹಳದಿಯಾಗುವುದು ಹೊಸ ಎಲೆ.

ಪೆನ್ನಿನ ಆರೈಕೆ ದೊಡ್ಡ ಕೆಲಸವಲ್ಲ. ನೀರಿಗೆ ಇಳಿಸಿ ಮೆಲ್ಲಗೆ ಅಲ್ಲಾಡಿಸಿ, ಕಡ್ಡಿಗಳ ನಡುವೆ ಸಿಕ್ಕಿಕೊಂಡ ಗಾಳಿಗುಳ್ಳೆ ಹೋಗಲಿ. ಅರ್ಧ ನಿಮಿಷ ಕಾದು, ಅಂಕಿ ನಿಂತ ಮೇಲೆ ಓದಿ. ಆಮೇಲೆ ಆರ್‌ಒ ನೀರಿನಲ್ಲಿ ತೊಳೆದು ಮುಚ್ಚಿ. ಕಡ್ಡಿಗಳ ಮೇಲೆ ಬಿಳಿ ಪದರ ಕಂಡರೆ ವಿನೆಗರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ತೊಳೆಯಿರಿ, ಬಟ್ಟೆಯಿಂದ ಉಜ್ಜಬೇಡಿ. ಶಾಖವೂ ಅಂಕಿಯನ್ನು ಬದಲಿಸುತ್ತದೆ. ಒಂದು ಡಿಗ್ರಿಗೆ ಇಸಿ ಸುಮಾರು 2 ಶೇಕಡಾ ಏರುತ್ತದೆ. ಪೆನ್ನಿನ ಮೇಲೆ ಎಟಿಸಿ ಎಂದು ಬರೆದಿದ್ದರೆ ಅದೇ ಸರಿಪಡಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಮಧ್ಯಾಹ್ನ 35 ಡಿಗ್ರಿ ಕಾದ ಟ್ಯಾಂಕಿನಲ್ಲಿ ನಿಜವಾದ 1.2 ಅದಕ್ಕೆ 1.4ರಂತೆ ಕಾಣುತ್ತದೆ. ಬೆಳಗ್ಗೆ ಅಳೆಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ.

ಅಂದ ಹಾಗೆ ಟ್ಯಾಂಕ್ 35 ಡಿಗ್ರಿ ಆಗುವುದೇ ಬೇಡ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಬೇರಿಗೆ ಉಸಿರು ಕಟ್ಟುತ್ತದೆ. ಟ್ಯಾಂಕನ್ನು ನೆರಳಿಗೆ ಸರಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಗಿಡಗಳ ಮೇಲೆ 50 ಶೇಕಡಾ ಶೇಡ್ ನೆಟ್ ಕಟ್ಟಿ. ತುದಿ ಸುಡುವುದು ನಿಲ್ಲಲು ದ್ರಾವಣ ತಿಳಿ ಮಾಡುವಷ್ಟೇ ನೆರಳೂ ಗಾಳಿಯೂ ಮುಖ್ಯ. ಈಗಾಗಲೇ ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ, ಆ ಎಲೆಗಳನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ. ಒಳಗಿನಿಂದ ಬರುವ ಹೊಸ ಎಲೆಗಳನ್ನು ಗಮನಿಸಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಗಿಡ ಹಳದಿಯಾದಾಗ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಗೊಬ್ಬರದ ಅಂಗಡಿಯ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ) ಟ್ಯಾಂಕಿಗೆ ಹಾಕಬೇಡಿ. ಅದರ ಸಾರಜನಕದಲ್ಲಿ ದೊಡ್ಡ ಪಾಲು ಯೂರಿಯಾ ರೂಪದಲ್ಲಿದೆ. ಯೂರಿಯಾ ಕರೆಂಟ್ ಹರಿಸುವುದಿಲ್ಲ, ಹಾಗಾಗಿ ಪೆನ್ನಿಗೆ ಅದು ಕಾಣುವುದೇ ಇಲ್ಲ. ಮಣ್ಣಿನಲ್ಲಿ ಅದನ್ನು ಒಡೆದು ಕೊಡುವ ಸೂಕ್ಷ್ಮಜೀವಿಗಳು ಬೇಕಾದಷ್ಟಿವೆ, ನಿಮ್ಮ ಪೈಪಿನಲ್ಲಿ ಅಷ್ಟಿಲ್ಲ. ಕ್ಯಾಲ್ಸಿಯಂ ಅಂತೂ ಅದರಲ್ಲಿ ಇಲ್ಲವೇ ಇಲ್ಲ. ಜೀವಾಮೃತವೂ ಅಷ್ಟೇ, ಮಣ್ಣಿಗೆ ಬಹಳ ಒಳ್ಳೆಯದು, ಆದರೆ ಪೈಪಿನಲ್ಲಿ ಕೊಳೆತು ಪಂಪ್ ಕಟ್ಟಿಕೊಳ್ಳುತ್ತದೆ. ಪೆನ್ನಿನಲ್ಲಿ ಅದರ ಪೋಷಕಾಂಶದ ಲೆಕ್ಕವೂ ಸಿಗುವುದಿಲ್ಲ.

ಈಗ ಟ್ಯಾಂಕಿನಲ್ಲಿರುವ ಹಳೇ ನೀರನ್ನು ಕುಂಡಗಳಿಗೆ ಸುರಿಯಬೇಡಿ. ಸೋಡಿಯಂ ಸೇರಿದರೆ ಕುಂಡದ ಮಣ್ಣು ಗಟ್ಟಿ ಹಿಡಿದು ನೀರು ಇಂಗುವುದಿಲ್ಲ. ಕೆಳಗೆ ತೆಂಗಿನ ಮರ ಇದ್ದರೆ ಅದರ ಬುಡಕ್ಕೆ ಹಾಕಿ, ತೆಂಗು ಇಷ್ಟು ಉಪ್ಪು ತಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಟಾಯ್ಲೆಟ್ಟಿಗೆ ಬಳಸಿಬಿಡಿ. ಪೈಪುಗಳ ಒಳಗೂ ಒಂದು ಸಲ ಬರೀ ಆರ್‌ಒ ನೀರು ಓಡಿಸಿ, ಅದನ್ನೂ ಚೆಲ್ಲಿ, ಆಮೇಲೆ ಹೊಸ ದ್ರಾವಣ ತುಂಬಿಸಿ.